ಹಳಿಯ ಮೇಲಿನ ಪ್ಯಾನ್‌ಹಾರ್ಡ್ 178: ಮಾದರಿ ಮಾಡುವ ಮುನ್ನ

ನಮಸ್ಕಾರ. ಎರಡನೇ ಮಹಾಯುದ್ಧದ ಫ್ರೆಂಚ್ ಕವಚ ಗಾಡಿ ಪ್ಯಾನ್‌ಹಾರ್ಡ್ 178ರ 1:35 ಅಳತೆಯ ಮಾದರಿಯನ್ನು ಜರ್ಮನ್ನರ ಹಳಿ ಗಸ್ತು ಗಾಡಿಯಾಗಿ ಮಾಡಲು ಹೊರಟಿದ್ದೀರಿ. ಟೈರು ತೆಗೆದು ಉಕ್ಕಿನ ಚಕ್ರ ಹಾಕಿದರೆ ಸಾಕೇ, ಹಳಿಯ ಮೇಲೆ ಅದು ಹಿಂದಕ್ಕೆ ಬರುತ್ತಿದ್ದುದು ಹೇಗೆ, ಬಣ್ಣ ಮತ್ತು ಕೆಸರು ಎಷ್ಟಿರಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ ತುಸು ಉದ್ದವಾಗುತ್ತದೆ, ಏಕೆಂದರೆ ನಿಮ್ಮ ಸಮಯದ ಅರ್ಧ ಭಾಗವನ್ನು ಗಾಡಿಗಲ್ಲ, ಅದರ ಕೆಳಗಿನ ಹಳಿಗೆ ಕೊಡಬೇಕೆಂದು ನಾನು ಒತ್ತಾಯಿಸಲಿದ್ದೇನೆ.

ಹಿಂದಕ್ಕೆ ಬರುವ ವಿಷಯ ಮೊದಲು. ಹಳಿಯ ಮೇಲೆ ಗಾಡಿಯನ್ನು ತಿರುಗಿಸಲಾಗದು. ಫ್ರೆಂಚರು ಈ ಗಾಡಿಯನ್ನು ರಸ್ತೆಯ ಬೇಹುಗಾರಿಕೆಗೆಂದು ಮಾಡಿದ್ದರು. ನಾಲ್ವರು ಸಿಬ್ಬಂದಿಯಲ್ಲಿ ಇಬ್ಬರು ಚಾಲಕರು, ಒಬ್ಬ ಮುಂದಕ್ಕೆ ಮುಖ ಮಾಡಿ, ಇನ್ನೊಬ್ಬ ಹಿಂದಕ್ಕೆ.  ಅಪಾಯ ಕಂಡರೆ ಗಾಡಿ ತಿರುಗಿಸದೆಯೇ ಹಿಂದಕ್ಕೆ ಓಡಬಹುದಿತ್ತು. ಇದು ಹಳಿಗೆ ಅಷ್ಟು ಚೆನ್ನಾಗಿ ಒಗ್ಗಿದ್ದು ಈ ಗುಣದಿಂದಲೇ. 1940ರಲ್ಲಿ ಜರ್ಮನ್ನರು ಫ್ರಾನ್ಸಿನಿಂದ ವಶಪಡಿಸಿಕೊಂಡವುಗಳ ಪೈಕಿ 43 ಗಾಡಿಗಳಿಗೆ 1941ರಲ್ಲಿ ಉಕ್ಕಿನ ರೈಲು ಚಕ್ರ ಹಾಕಲಾಯಿತು. ಕವಚ ರೈಲುಗಳ ಮುಂದೆ ದಾರಿ ನೋಡಲು ಇವು ಹೋಗುತ್ತಿದ್ದವು. 25 ಮಿಮೀ ಫಿರಂಗಿಯ ಫ್ರೆಂಚ್ ಗೋಪುರವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಮೇಲೆ ಮಂಚದ ಚೌಕಟ್ಟಿನಂಥ ದೊಡ್ಡ ರೇಡಿಯೋ ಆಂಟೆನಾ. ಅದನ್ನು ಹಿತ್ತಾಳೆ ತಂತಿಯಲ್ಲಿ ಬೆಸೆಯಿರಿ, ಪ್ಲಾಸ್ಟಿಕ್ ಕಡ್ಡಿ ಬೇಸಿಗೆಯಲ್ಲಿ ಬಾಗುತ್ತದೆ. ಗೋಪುರ ಅದರಡಿಯಲ್ಲಿ ತಗಲದೆ ತಿರುಗುವಂತಿರಲಿ.

ಈ ಗಾಡಿಯನ್ನು ಹಳಿಯ ಮೇಲಿನ ಟ್ಯಾಂಕ್ ಎಂದು ನೋಡಬೇಡಿ. ನಮ್ಮ ರೈಲ್ವೆಯ ಕೀಮ್ಯಾನ್ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾನಲ್ಲ, ಇದರದ್ದೂ ಅದೇ ಕೆಲಸ, ಮೈಮೇಲೆ ಸುಮಾರು 20 ಮಿಮೀ ಉಕ್ಕು ಹೊದ್ದು. ಮೊಳೆ ಕಿತ್ತಿದೆಯೇ, ಜಲ್ಲಿ ಕೆದಕಿದೆಯೇ, ಹಳಿಯಡಿಯಿಂದ ಕಾಡಿನತ್ತ ಸಿಡಿಮದ್ದಿನ ಹಗ್ಗ ಹೋಗಿದೆಯೇ ಎಂದು ನೋಡಬೇಕು. ನೋಡುವುದಷ್ಟೇ ಸಾಲದು, ಕಂಡ ಮೇಲೆ ನಿಲ್ಲಲೂ ಆಗಬೇಕು. ರಬ್ಬರ್ ಟೈರು ರಸ್ತೆಯನ್ನು ಹಿಡಿಯುವಷ್ಟು ಉಕ್ಕು ಉಕ್ಕನ್ನು ಹಿಡಿಯುವುದಿಲ್ಲ. ಎಂಟು ಟನ್ನಿನ ಗಾಡಿ ಬ್ರೇಕ್ ಒತ್ತಿದ ಮೇಲೂ ಜಾರುತ್ತ ಹೋಗುತ್ತದೆ. ಹಾಗಾಗಿ ರಸ್ತೆಯಲ್ಲಿ ಗಂಟೆಗೆ 72 ಕಿಮೀ ಓಡಬಲ್ಲ ಗಾಡಿಯಾದರೂ ತಪಾಸಣೆಯಲ್ಲಿ ಕಣ್ಣಿಗೆ ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲುವ ವೇಗದಲ್ಲೇ ಹೋಗಬೇಕು. ಧೂಳೆಬ್ಬಿಸಿ ನುಗ್ಗುವ ದೃಶ್ಯ ಮಾಡಬೇಡಿ. ಮುಚ್ಚಳ ತೆರೆದು ಹಳಿಯತ್ತ ಬಗ್ಗಿ ನೋಡುತ್ತಿರುವ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಸಾಕು.

ಇನ್ನು ಹಳಿ. ಜರ್ಮನಿಯ ಹಳಿಗಳ ನಡುವಿನ ಅಂತರ 1435 ಮಿಮೀ, ನಿಮ್ಮ ಅಳತೆಯಲ್ಲಿ 41 ಮಿಮೀ. ಸೋವಿಯತ್ ಹಳಿ 1524 ಮಿಮೀ, ಅಂದರೆ 43.5. ನೀವು ಜರ್ಮನ್ನರು ಆಕ್ರಮಿಸಿದ್ದ ಸೋವಿಯತ್ ಬೆಲಾರೂಸಿನ ದೃಶ್ಯ ಮಾಡುವುದಾದರೆ ಯಾವುದನ್ನು ಹಾಕಬೇಕು? ಸೋವಿಯತ್ ಸ್ಲೀಪರ್‌ಗಳ (ಹಳಿಯಡಿಯ ಅಡ್ಡಪಟ್ಟಿಗಳ) ಮೇಲೆ ಜರ್ಮನ್ ಅಂತರವನ್ನು ಹಾಕಬೇಕು. ಅಲ್ಲಿ ಮರದ ಸ್ಲೀಪರ್‌ಗಳಿದ್ದುದರಿಂದ ಜರ್ಮನ್ನರು ಒಂದು ಬದಿಯ ಹಳಿಯ ಮೊಳೆ ಕಿತ್ತು, ಹಳಿಯನ್ನು 89 ಮಿಮೀ ಒಳಕ್ಕೆ ಸರಿಸಿ ಮತ್ತೆ ಹೊಡೆಯುತ್ತಿದ್ದರು. ಆದ್ದರಿಂದ ಒಂದು ಬದಿಯಲ್ಲಿ ಸ್ಲೀಪರ್ ಹೆಚ್ಚು ಹೊರಚಾಚಿರಬೇಕು, ಹಳಿಯಿಂದ 2.5 ಮಿಮೀ ಆಚೆಗೆ ಹಳೆಯ ಮೊಳೆಗಳ ತೂತು ಕಾಣಬೇಕು. ಸೂಜಿಯಿಂದ ಚುಚ್ಚಿ, ಸ್ವಲ್ಪ ಕಪ್ಪು ಬಣ್ಣ ಇಳಿಸಿ. ನೋಡಿದವರಿಗೆ ಇದು ಆಕ್ರಮಿಸಿಕೊಂಡ ನಾಡಿನ ಹಳಿ ಎಂದು ಯಾವ ಫಲಕವೂ ಇಲ್ಲದೆ ತಿಳಿಯುತ್ತದೆ. ಸ್ಲೀಪರ್ ಉದ್ದ 2.7 ಮೀಟರ್, ನಿಮಗೆ 77 ಮಿಮೀ. ಬಾಲ್ಸಾ ಎಂಬ ಹಗುರ ಮರದ ಪಟ್ಟಿ ಸಾಕು, ತಂತಿ ಬ್ರಷ್‌ನಿಂದ ಉದ್ದಕ್ಕೆ ಗೀರಿದರೆ ಮರದ ನಾರು ಏಳುತ್ತದೆ. ಹಳಿಯ ಎತ್ತರ ಸುಮಾರು 4 ಮಿಮೀ. ನಡುವೆ ನಮ್ಮ ಕಡೆಯ ದಪ್ಪ ಜಲ್ಲಿ ಬೇಡ. ಅಲ್ಲಿ ಎಷ್ಟೋ ಮಾರ್ಗಗಳಿಗೆ ಮರಳೇ ಹಾಸು. ಟೀ ಜರಡಿಯಲ್ಲಿ ಸೋಸಿದ ಮರಳನ್ನು ಅಂಟಿಸಿ.

ಚಕ್ರಗಳ ಬಗ್ಗೆ ಎರಡೇ ಮಾತು. ಮುಂದಿನ ಚಕ್ರಗಳು ಕೂದಲೆಳೆಯಷ್ಟೂ ತಿರುಗಿರಬಾರದು, ಹಳಿಯ ಮೇಲೆ ಸ್ಟೀರಿಂಗ್‌ಗೆ ಕೆಲಸವಿಲ್ಲ. ಚಕ್ರದ ಉಬ್ಬು ಅಂಚು ಹಳಿಯ ಒಳಬದಿಗೆ ಬರಬೇಕು.

ಬಣ್ಣಕ್ಕೆ ಬಂದರೆ, 1943ರ ಫೆಬ್ರವರಿಗೆ ಮುಂಚಿನ ದೃಶ್ಯವಾದರೆ ಕಡು ಬೂದು, ಆಮೇಲಿನದಾದರೆ ಮಂಕು ಹಳದಿಯ ಮೇಲೆ ಹಸಿರು ಮತ್ತು ಕಂದು. ಕೆಸರನ್ನು ದಯವಿಟ್ಟು ಬಳಿಯಬೇಡಿ. ರಸ್ತೆಯಲ್ಲಿ ಓಡದ ಗಾಡಿಗೆ ಕೆಸರು ಹತ್ತುವುದಿಲ್ಲ. ಅದಕ್ಕೆ ಹತ್ತುವುದು ಬ್ರೇಕಿನಿಂದ ಉದುರುವ ಕಬ್ಬಿಣದ ಕಂದು ಪುಡಿ, ಎಣ್ಣೆ, ಮರಳಿನ ಧೂಳು. ಚಕ್ರ ಹಳಿಯನ್ನು ಮುಟ್ಟುವ ಭಾಗ ಮಾತ್ರ ಥಳಥಳ ಹೊಳೆಯಬೇಕು, ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ಉಜ್ಜಿ. ಹಳಿಯ ಮೇಲ್ಮೈಗೂ ಅದನ್ನೇ ಮಾಡಿ, ಪಕ್ಕಗಳು ತುಕ್ಕು ಹಿಡಿದೇ ಇರಲಿ.

ದೃಶ್ಯದ ಹಿನ್ನೆಲೆಯಲ್ಲಿ ಒತ್ತಾಗಿ ಕಾಡು ಬೇಡ. ಗೆರಿಲ್ಲಾಗಳಿಗೆ ಮರೆ ಸಿಗಬಾರದೆಂದು ಹಳಿಯ ಎರಡೂ ಬದಿಯ ಮರಗಳನ್ನು ಕಡಿಸುತ್ತಿದ್ದರು, ಗೆರಿಲ್ಲಾಗಳಿಗೆ ನೆರವಾದರೆಂದು ಊರುಗಳನ್ನೇ ಸುಟ್ಟರು. ಕಡಿದ ಬೊಡ್ಡೆಗಳನ್ನು ಇಡಿ. 1943ರ ಆಗಸ್ಟ್ 3ರ ರಾತ್ರಿ ಸೋವಿಯತ್ ಗೆರಿಲ್ಲಾಗಳು 'ಹಳಿ ಯುದ್ಧ' ಆರಂಭಿಸಿ ಬಹುದೊಡ್ಡ ಪ್ರದೇಶದಲ್ಲಿ ಒಮ್ಮೆಲೇ ಹಳಿ ಸಿಡಿಸಿದಾಗ ಈ ಕೆಲವೇ ಗಾಡಿಗಳು ಯಾವ ಮೂಲೆಗೂ ಸಾಲಲಿಲ್ಲ. ಆ ಜನರ ಕಷ್ಟ ಮತ್ತು ಧೈರ್ಯ ನಿಮ್ಮ ದೃಶ್ಯದಲ್ಲಿ ಎಲ್ಲಾದರೂ ಇರಲಿ ಎಂಬುದು ನನ್ನ ಕೋರಿಕೆ. ಗಾಡಿ ಎಷ್ಟೇ ಚೆಂದವಿದ್ದರೂ ಅದು ಆಕ್ರಮಣಕಾರರದ್ದು.

ಜರ್ಮನ್ ಗುರುತು ಬೇಡವೆನಿಸಿದರೆ ಮಲಯಾದ (ಇಂದಿನ ಮಲೇಷ್ಯಾದ ಭಾಗ) ತುರ್ತುಸ್ಥಿತಿಯ, ಅಂದರೆ ಬ್ರಿಟಿಷರು ಅಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳೊಡನೆ ಹೋರಾಡಿದ ಕಾಲದ ವಿಕ್‌ಹ್ಯಾಮ್ ಕವಚ ಟ್ರಾಲಿಯನ್ನು ಯೋಚಿಸಿ. ಇಂಗ್ಲೆಂಡಿನ ವೇರ್ ಪಟ್ಟಣದಲ್ಲಿ ತಯಾರಾಗಿ ಮಲಯಾದ ಮೀಟರ್ ಗೇಜಿನಲ್ಲಿ ಓಡಿದ ಗಾಡಿ. ಹಳಿಗಳ ಅಂತರ ನಿಮ್ಮ ಅಳತೆಯಲ್ಲಿ 28.6 ಮಿಮೀ. ಮೀಟರ್ ಗೇಜನ್ನು ನೋಡುತ್ತ ಬೆಳೆದ ನಮ್ಮವರಿಗೆ ಆ ಹಳಿಯ ಸ್ವರೂಪ ಪರಿಚಿತ.

ಹಳಿ ಅಂಟಿಸುವ ಮೊದಲು 41 ಮಿಮೀ ಅಗಲದ ದಪ್ಪ ರಟ್ಟಿನ ತುಂಡೊಂದನ್ನು ಕತ್ತರಿಸಿಕೊಂಡು ಉದ್ದಕ್ಕೂ ತೂರಿಸಿ ನೋಡಿ. ಅಂಟು ಒಣಗಿದ ಮೇಲೆ ಬಣ್ಣಕ್ಕೆ ಮುನ್ನ ಒಂದು ಚಿತ್ರ ಹಾಕಿ, ಚಕ್ರ ಕೂತಿದೆಯೇ ನೋಡೋಣ.