ಹೊಸ ಟ್ರೆಕ್ಕಿಂಗ್ ಬೂಟು ಹಿಮ್ಮಡಿ ಕಚ್ಚದಂತೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಹೊಸ ಟ್ರೆಕ್ಕಿಂಗ್ ಬೂಟು ತಗೊಂಡಿದ್ದೀರಿ, ಮೂರು ವಾರ ಬಿಟ್ಟು ಎರಡು ದಿನದ ಚಾರಣ ಇದೆ, ಆದರೆ ಅರ್ಧ ಗಂಟೆ ನಡೆದರೆ ಸಾಕು, ಹಿಮ್ಮಡಿ ಉರಿಯಲು ಶುರು. ವ್ಯಾಸಲೀನ್ ಹಚ್ಚಿ ಎರಡು ಜೊತೆ ಸಾಕ್ಸ್ ಹಾಕಿಕೊಂಡರೆ ಸಾಕಾಗುತ್ತಾ, ಇಲ್ಲಾ ಹಳೇ ಬೂಟಿನಲ್ಲೇ ಹೋಗಿಬಿಡಲಾ ಅಂತ.

ಮೂರು ವಾರ ಧಾರಾಳವಾಗಿ ಸಾಕು. ಆದರೆ ಹಚ್ಚುವುದು, ಅಂಟಿಸುವುದು ಎಲ್ಲ ಆಮೇಲಿನ ಮಾತು. ಮೊದಲು ಬೂಟು ಹಾಕಿ, ಲೇಸ್ ಬಿಗಿದು, ಒಂದಷ್ಟು ಮೆಟ್ಟಿಲು ಹತ್ತಿ ನೋಡಿ. ಪ್ರತಿ ಹೆಜ್ಜೆಗೂ ಹಿಮ್ಮಡಿ ಬೂಟಿನೊಳಗೇ ಮೇಲೆದ್ದು ಮತ್ತೆ ಕೂರುತ್ತಿದೆಯಾ? ಹಾಗಿದ್ದರೆ ತೊಂದರೆ ಅಲ್ಲೇ ಇದೆ. ಹಿಮ್ಮಡಿ ಅಲುಗಾಡದಂತೆ ಕೂರಿಸಿಬಿಟ್ಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಚರ್ಮ ಮೇಲಿನಿಂದ ಉಜ್ಜಿ ಸವೆದು ಬೊಬ್ಬೆ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸವೆದರೆ ಆಗುವುದು ತರಚು ಗಾಯ. ಬೊಬ್ಬೆಯ ಕತೆ ಬೇರೆ. ಅಂಗೈಯ ಹಿಂಬದಿಗೆ ಒಂದು ಬೆರಳು ಒತ್ತಿ, ಅದು ಜಾರದಂತೆ ಹಿಂದೆ ಮುಂದೆ ಆಡಿಸಿ. ಬೆರಳಿನ ಜೊತೆ ಚರ್ಮವೂ ಬರುತ್ತದೆ, ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ, ಅಲ್ವಾ? ಬೂಟಿನೊಳಗೆ ಇದೇ ತಿರುಗಾಮುರುಗಾ ನಡೆಯುತ್ತದೆ. ಹಿಮ್ಮಡಿಯ ಮೂಳೆ ಮೇಲೆ ಕೆಳಗೆ ಹೋಗುತ್ತದೆ, ಬೆವರಿ ತೇವವಾದ ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಂತುಬಿಡುತ್ತದೆ. ನಡುವೆ ಸಿಕ್ಕಿಕೊಂಡ ಚರ್ಮದ ಪದರಗಳು ಎಳೆದಾಡಿಸಿಕೊಂಡು ಒಳಗೇ ಬಿಟ್ಟುಕೊಳ್ಳುತ್ತವೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಅದಕ್ಕೇ ಹಿಮ್ಮಡಿ ಚರ್ಮ ದಪ್ಪಗಿರುವವರಿಗೂ ಅದರ ಅಡಿಯಲ್ಲೇ ಬೊಬ್ಬೆ ಏಳುವುದು. ಚರ್ಮ ಗಟ್ಟಿ ಮಾಡಿಕೊಳ್ಳುತ್ತೇನೆ ಅಂತ ನೋವು ಸಹಿಸಿಕೊಂಡು ನಡೆಯುವುದರಲ್ಲಿ ಅರ್ಥವಿಲ್ಲ.

ಈಗ ಲೇಸಿಗೆ ಬರೋಣ. ಎಲ್ಲರೂ ಅವಸರದಲ್ಲಿ ಮುಗಿಸುವ ಕೆಲಸ ಇದು. ಬೂಟಿಗೆ ಕಾಲು ತೂರಿಸಿ, ಬೆರಳುಗಳನ್ನು ಮೇಲೆತ್ತಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ಪಾದ ಹಿಂದಕ್ಕೆ ಸರಿದು ಬೂಟಿನ ಬೆನ್ನಿಗೆ ತಾಗಬೇಕು. ಕೆಳಗಿನ ತೂತುಗಳಿಂದ ಶುರುಮಾಡಿ, ಬೆರಳುಗಳ ಹತ್ತಿರ ಸ್ವಲ್ಪ ಸಡಿಲ ಬಿಟ್ಟು, ಮೇಲೆ ಬಂದ ಹಾಗೆ ಬಿಗಿಯುತ್ತಾ ಬನ್ನಿ. ಪಾದ ಮುಗಿದು ಕಾಲು ಮೇಲಕ್ಕೆ ಬಾಗುವ ಜಾಗ ಇದೆಯಲ್ಲ, ಅಲ್ಲಿ ಎರಡೂ ಎಳೆಗಳನ್ನು ಒಂದರ ಮೇಲೊಂದು ಎರಡು ಸುತ್ತು ಸುತ್ತಿ ಜಗ್ಗಿ. ಒಂದೇ ಸುತ್ತಾದರೆ ಕೈಬಿಟ್ಟ ತಕ್ಷಣ ಸಡಿಲವಾಗುತ್ತದೆ, ಎರಡು ಸುತ್ತಿಗೆ ಹಿಡಿದು ನಿಲ್ಲುತ್ತದೆ. ಅದರ ಮೇಲಿನ ಕೊಕ್ಕೆಗೆ ಲೇಸನ್ನು ಕೆಳಗಿನಿಂದ ಮೇಲಕ್ಕೆ ಹಾಕುವ ಬದಲು ಮೇಲಿನಿಂದ ಕೆಳಕ್ಕೆ ತಂದು ಸಿಕ್ಕಿಸಿದರೆ ಹಿಡಿತ ಇನ್ನೂ ಗಟ್ಟಿ. ಅಲ್ಲಿಂದ ಮೇಲೆ ಕಾಲು ಮುಂದಕ್ಕೆ ಬಾಗುವಷ್ಟು ಬಿಡಿ ಇರಲಿ. ಹೀಗೆ ಕಟ್ಟಿದರೆ ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯುವ ಬಿಗಿ ಬೂಟಿನ ಬಾಯಿಯಲ್ಲಲ್ಲ, ಸರಿಯಾಗಿ ಹಿಮ್ಮಡಿಯ ಎದುರಿಗೇ ಬೀಳುತ್ತದೆ. ಬೆರಳು ಜೋಮು ಹಿಡಿದರೆ ಜಾಸ್ತಿ ಬಿಗಿದಿದ್ದೀರಿ ಅಂತ ಲೆಕ್ಕ. ಹೊಸ ಬೂಟಿನ ಲೇಸು ಹದಿನೈದಿಪ್ಪತ್ತು ನಿಮಿಷದಲ್ಲಿ ಸಡಿಲಾಗುವುದು ಮಾಮೂಲು, ಒಮ್ಮೆ ನಿಂತು ಮತ್ತೆ ಕಟ್ಟಿಕೊಳ್ಳಿ.

ಇಷ್ಟಾದಮೇಲೂ ಹಿಮ್ಮಡಿ ಕುಣಿಯುತ್ತಿದೆಯಾ? ಒಳಗೆ ಜಾಗ ಜಾಸ್ತಿ ಇದೆ. ದಪ್ಪ ಸಾಕ್ಸ್ ಅಥವಾ ಸ್ವಲ್ಪ ದಪ್ಪದ ಇನ್‌ಸೋಲ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ, ಬದಲಾಯಿಸಲು ಅವಕಾಶವಿದ್ದರೆ, ಮುಲಾಜಿಲ್ಲದೆ ಬದಲಾಯಿಸಿ. ನಿಮ್ಮ ಕಾಲಿನ ಆಕಾರಕ್ಕೆ ಒಗ್ಗದ ಬೂಟನ್ನು ಎಷ್ಟು ಪಳಗಿಸಿದರೂ ಅಷ್ಟೇ. ಹೊಸದನ್ನು ಸಂಜೆ ಹೊತ್ತು, ಚಾರಣದ ಸಾಕ್ಸ್ ಹಾಕಿಕೊಂಡೇ ನೋಡಿ. ದಿನವಿಡೀ ಓಡಾಡಿ ಪಾದ ಕೊಂಚ ಊದಿರುತ್ತದೆ, ನಡೆಯುವಾಗಲೂ ಹಾಗೇ ಇರುತ್ತದೆ.

ಬೂಟು ಪಳಗಿಸಲು ಮೊದಲ ವಾರ ಮನೆಯೊಳಗೇ ದಿನಕ್ಕೆ ಒಂದೆರಡು ಗಂಟೆ ಹಾಕಿಕೊಳ್ಳಿ. ಆಮೇಲೆ ಹೊರಗೆ, ಆಮೇಲೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡು. ಸಮತಟ್ಟಾದ ರಸ್ತೆಯಲ್ಲಿ ಎಷ್ಟು ನಡೆದರೂ ಪರೀಕ್ಷೆ ಪೂರ್ತಿ ಆಗುವುದಿಲ್ಲ, ಹಿಮ್ಮಡಿ ಏಳುವುದು ಏರಿನಲ್ಲಿ. ಏರು ಸಿಗದಿದ್ದರೆ ಮೆಟ್ಟಿಲೇ ಗತಿ. ಬೂಟು ನೆನೆಸಿ ಕಾಲಲ್ಲೇ ಒಣಗಿಸುವುದು, ಬೆಂಕಿ ಹತ್ತಿರ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಬಿಸಿಗೆ ಚರ್ಮ ಬಿರುಸಾಗುತ್ತದೆ, ಅಂಟು ಬಿಡುತ್ತದೆ. ಏರಿನಲ್ಲಿ ಉದ್ದ ಹೆಜ್ಜೆ ಬಿಟ್ಟು ಸಣ್ಣ ಹೆಜ್ಜೆ ಇಡುವ ಅಭ್ಯಾಸವನ್ನೂ ಈಗಲೇ ಮಾಡಿಕೊಳ್ಳಿ. ಮೀನಖಂಡ ಬಿಗಿಯಾಗಿದ್ದರೆ ಹಿಮ್ಮಡಿ ಬೇಗ ಏಳುತ್ತದೆ, ಹಾಗಾಗಿ ದಿನಾ ಒಂದಿಷ್ಟು ಸ್ಟ್ರೆಚಿಂಗ್ ಮಾಡಿದರೆ ಒಳ್ಳೆಯದೇ.

ಎರಡು ಸಾಕ್ಸ್ ವಿಚಾರ: ಹೌದು, ಆದರೆ ಎರಡೂ ದಪ್ಪದ್ದಲ್ಲ. ಒಳಗೆ ಮೈಗಂಟುವಂಥ ತೆಳು ಸಿಂಥೆಟಿಕ್ ಸಾಕ್ಸ್, ಮೇಲೆ ಉಣ್ಣೆಯದ್ದು. ಜಾರಾಟ ಚರ್ಮಕ್ಕೂ ಸಾಕ್ಸಿಗೂ ನಡುವೆ ಆಗುವ ಬದಲು ಎರಡು ಸಾಕ್ಸ್‌ಗಳ ನಡುವೆ ಆಗಿಹೋಗಲಿ ಅನ್ನುವುದು ಇದರ ಲೆಕ್ಕಾಚಾರ. ಹತ್ತಿಯದ್ದು ಮಾತ್ರ ಬೇಡವೇ ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿಯೇ ಕೂತಿರುತ್ತದೆ.

ವ್ಯಾಸಲೀನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹಚ್ಚಿದ ಮೊದಮೊದಲು ಚೆನ್ನಾಗಿ ಜಾರುತ್ತದೆ. ಗಂಟೆಗಳು ಕಳೆದ ಹಾಗೆ ಸಾಕ್ಸ್ ಅದನ್ನು ಹೀರಿಕೊಳ್ಳುತ್ತದೆ, ಮೆತ್ತಗಾದ ಚರ್ಮದಲ್ಲಿ ತಿಕ್ಕಾಟ ಮೊದಲಿಗಿಂತ ಹೆಚ್ಚೂ ಆಗಬಹುದು. ಮೇಲಾಗಿ ಅದರ ಮೇಲೆ ಟೇಪ್ ನಿಲ್ಲುವುದಿಲ್ಲ. ನನ್ನ ಓಟು ಟೇಪಿಗೆ.

ಔಷಧಿ ಅಂಗಡಿಯಲ್ಲಿ ಸಿಗುವ ಜಿಂಕ್ ಆಕ್ಸೈಡ್ ಟೇಪ್ ಗಟ್ಟಿಯಾಗಿ ಕೂರುತ್ತದೆ. ಬ್ಯಾಂಡೇಜಿಗೆ ಬಳಸುವ ಪೇಪರ್ ಟೇಪ್ ಅಷ್ಟು ಗಟ್ಟಿಯಲ್ಲ, ಆದರೆ ಕೆಲಸಕ್ಕೆ ಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೂರದ ಓಟಗಾರರಿಗೆ ಮೊದಲೇ ಪೇಪರ್ ಟೇಪ್ ಅಂಟಿಸಿದಾಗ ಬೊಬ್ಬೆಗಳು ಸುಮಾರು ಶೇ. 40ರಷ್ಟು ಕಡಿಮೆಯಾಗಿದ್ದವು. ಹೊರಡುವ ದಿನ ಬೆಳಗ್ಗೆ, ಕಾಲು ತೊಳೆದು ಪೂರ್ತಿ ಒಣಗಿದ ಮೇಲೆ ಅಂಟಿಸಿ. ಉರಿಯುವ ಜಾಗಕ್ಕಿಂತ ಎಲ್ಲ ಕಡೆ ಒಂದೊಂದು ಬೆರಳಗಲ ದೊಡ್ಡದಾಗಿ ಕತ್ತರಿಸಿ. ನಾಲ್ಕೂ ಮೂಲೆ ದುಂಡಗೆ ಮಾಡಿ, ಇಲ್ಲದಿದ್ದರೆ ಸಾಕ್ಸ್ ಎಳೆದುಕೊಳ್ಳುವಾಗಲೇ ಮೂಲೆ ಮಡಚುತ್ತದೆ. ನಡುವಿನಿಂದ ಅಂಚಿಗೆ ಸವರುತ್ತಾ ಕೂರಿಸಿ, ಎಳೆದು ಅಂಟಿಸಬೇಡಿ. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿದರೆ ಬಿಸಿಗೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಒಂದು ಸುಕ್ಕು ಉಳಿದರೂ ತೆಗೆದು ಹೊಸದು ಹಾಕಿ, ಆ ಸುಕ್ಕೇ ಮುಂದೆ ಕಚ್ಚುತ್ತದೆ.

ಬೆವರು ತಡೆಯುವ ದ್ರಾವಣದ ಸಲಹೆಯನ್ನೂ ಯಾರಾದರೂ ಕೊಟ್ಟೇ ಕೊಡುತ್ತಾರೆ. 1998ರಲ್ಲಿ ಅಮೆರಿಕದ ಮಿಲಿಟರಿ ಕೆಡೆಟ್‌ಗಳ ಮೇಲೆ ಅದನ್ನು ನೋಡಿದ್ದರು. ಕನಿಷ್ಠ ಮೂರು ರಾತ್ರಿ ಹಚ್ಚಿಕೊಂಡು 21 ಕಿ.ಮೀ. ನಡೆದವರಲ್ಲಿ ಶೇ. 21 ಮಂದಿಗೆ ಬೊಬ್ಬೆ ಬಂತು, ಔಷಧಿಯಿಲ್ಲದ ದ್ರಾವಣ ಹಚ್ಚಿಕೊಂಡವರಲ್ಲಿ ಶೇ. 48. ಕೇಳಲು ಚೆನ್ನಾಗಿದೆ. ಆದರೆ ದ್ರಾವಣ ಹಚ್ಚಿದವರಲ್ಲಿ ಶೇ. 57 ಮಂದಿಗೆ ಚರ್ಮ ಕೆರಳಿತ್ತು. ಎರಡು ದಿನದ ಚಾರಣಕ್ಕೆ ಇಷ್ಟೆಲ್ಲ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ದಾರಿಯಲ್ಲಿ ಹಿಮ್ಮಡಿ ಬಿಸಿಯಾದ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿ. ಮುಂದಿನ ತಿರುವಿನಲ್ಲಿ ನೋಡೋಣ, ಜೊತೆಯವರು ಏನಂದುಕೊಳ್ಳುತ್ತಾರೋ ಅನ್ನುವುದು ಬೇಡ. ಬೂಟು ಬಿಚ್ಚಿ, ಒಳಗಿನ ಕಲ್ಲು ಮಣ್ಣು ಕೊಡವಿ, ಕಾಲಿಗೆ ಗಾಳಿ ಆಡಲು ಬಿಟ್ಟು, ಒಣಗಿದ ಮೇಲೆ ಟೇಪ್ ಹಾಕಿ. ಸಾಕ್ಸ್ ಒದ್ದೆಯಾಗಿದ್ದರೆ ಬದಲಾಯಿಸಿ. ಐದು ನಿಮಿಷದ ಕೆಲಸ.

ಬೊಬ್ಬೆ ಬಂದೇಬಿಟ್ಟರೆ, ಸಣ್ಣದನ್ನು ಮುಟ್ಟಬೇಡಿ. ದೊಡ್ಡದಾಗಿ ನಡೆಯಲಾಗದಷ್ಟು ನೋವಿದ್ದರೆ ಮಾತ್ರ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮ ಕೀಳದೆ ಹಾಗೇ ಬಿಟ್ಟು ಶುಭ್ರವಾದ ಡ್ರೆಸ್ಸಿಂಗ್ ಹಾಕಿ. ಗಟ್ಟಿ ಟೇಪನ್ನು ನೇರವಾಗಿ ಅದರ ಮೇಲೆ ಅಂಟಿಸಿದರೆ ಬಿಚ್ಚುವಾಗ ಚರ್ಮವೂ ಕಿತ್ತು ಬರುತ್ತದೆ. ಕೀವು ಕಂಡರೆ, ಸುತ್ತ ಕೆಂಪಾಗಿ ಹರಡಿದರೆ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಸೂಜಿ ಹಿಡಿಯುವುದೇ ಬೇಡ.

ಇನ್ನು ಹಳೇ ಬೂಟು. ಹೊರಡುವ ನಾಲ್ಕೈದು ದಿನ ಮುಂಚೆ ಹೊಸದನ್ನು ಹಾಕಿ, ಬ್ಯಾಗ್ ಹೊತ್ತು, ಒಂದು ಉದ್ದದ ನಡಿಗೆ ಮಾಡಿ ಬನ್ನಿ. ಆಗಲೂ ಕಚ್ಚಿದರೆ ಹಳೆಯದರಲ್ಲೇ ಹೋಗಿ, ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದರೆ ಮೊದಲು ಅಡಿಭಾಗವನ್ನು ಕೈಯಿಂದ ಬಾಗಿಸಿ ನೋಡಿ. ತುಂಬಾ ಬೂಟುಗಳ ಸೋಲ್ ಒಳಗೆ ಪಾಲಿಯುರೆಥೇನ್ ಇರುತ್ತದೆ, ಅದು ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗುತ್ತದೆ. ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಅದನ್ನು ಹಾಕಬೇಡಿ, ನಡುದಾರಿಯಲ್ಲಿ ಅಡಿಭಾಗ ಪೂರ್ತಿ ಕಿತ್ತು ಬರುತ್ತದೆ.