ಅಮೆರಿಕಕ್ಕೆ ಹೋದ ನಮ್ಮವರು ಮೇಲೆ ಬಂದರು, ಅಲ್ಲಿನ ಕಪ್ಪು ಜನ ಓದು ಮತ್ತು ಆರೋಗ್ಯದಲ್ಲಿ ಯಾಕೆ ಹಿಂದೆ ಇದ್ದಾರೆ?

ನಿಮ್ಮ ಪ್ರಶ್ನೆ ಹೀಗಿದೆ: ಭಾರತದಿಂದ ಎರಡು ಸೂಟ್‌ಕೇಸ್ ಹಿಡಿದು ಹೋದವರು ಒಂದೇ ತಲೆಮಾರಿನಲ್ಲಿ ಡಾಕ್ಟರು, ಎಂಜಿನಿಯರು ಆದರು. ನಾನೂರು ವರ್ಷದಿಂದ ಅಲ್ಲೇ ಇರುವ ಕಪ್ಪು ಜನ ಯಾಕೆ ಆಗಲಿಲ್ಲ? ಬಡತನವೇ ಕಾರಣವಾ, ಇಲ್ಲಾ ಅವರ ದೇಹದಲ್ಲೇ ಏನಾದರೂ ಬೇರೆ ಇದೆಯಾ?

ನಾನು ಹಾಸನದ ಕಡೆಯವಳು. ಮಿಷಿಗನ್ ರಾಜ್ಯದಲ್ಲಿ ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದೇನೆ. ಬಂದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು, ಬಾಯಿ ಬಿಟ್ಟು ಕೇಳಲು ಸಂಕೋಚ ಆಗುತ್ತಿತ್ತು. ನೀವು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಇಡೀ ಅಮೆರಿಕದ ಕಥೆ ಹೇಳಲು ಹೋಗುವುದಿಲ್ಲ. ನಾನು ಕಣ್ಣಾರೆ ಕಂಡಿರುವ ಡೆಟ್ರಾಯ್ಟ್ ಸುತ್ತಮುತ್ತಲಿನ ವಿಷಯ ಹೇಳುತ್ತೇನೆ.

ಡೆಟ್ರಾಯ್ಟ್ ನಗರದ ಉತ್ತರದ ಗಡಿ ಎಯ್ಟ್ ಮೈಲ್ ರೋಡ್. ರಸ್ತೆಯ ಈಚೆ ನಗರ. ಅಲ್ಲಿ ಮುಕ್ಕಾಲು ಪಾಲು ಜನ ಕಪ್ಪು ವರ್ಣದವರು. ಆಚೆ ಉಪನಗರಗಳು. ನಮ್ಮ ಕನ್ನಡದವರು ಹೆಚ್ಚಾಗಿ ಮನೆ ಮಾಡಿರುವುದು ಅಲ್ಲೇ. ಈ ರಸ್ತೆಗೆ ಹತ್ತಿರದಲ್ಲಿ, ನಗರದ ಒಳಗೆ, ಮನೆಗಳ ಹಿತ್ತಿಲಲ್ಲಿ ಒಂದು ಗೋಡೆ ಹಾದುಹೋಗುತ್ತದೆ. ಆರಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. ಕಟ್ಟಿದ್ದು 1941ರಲ್ಲಿ.

ಯಾಕೆ ಕಟ್ಟಿದರು ಎನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. 1934ರಿಂದ ಅಮೆರಿಕ ಸರ್ಕಾರ ಎಫ್‌ಎಚ್‌ಎ ಎಂಬ ಸಂಸ್ಥೆಯ ಮೂಲಕ ಮನೆ ಸಾಲಕ್ಕೆ ಗ್ಯಾರಂಟಿ ಕೊಡತೊಡಗಿತು. ಸರ್ಕಾರವೇ ಜಾಮೀನು ನಿಂತಿದ್ದರಿಂದ ಬ್ಯಾಂಕುಗಳು ಕಡಿಮೆ ಬಡ್ಡಿಗೆ, ದೀರ್ಘ ಅವಧಿಗೆ ಸಾಲ ಕೊಟ್ಟವು. ಕೂಲಿಯವರೂ ಸ್ವಂತ ಮನೆ ಕಟ್ಟಿಕೊಳ್ಳುವ ಹಾಗಾಯಿತು. ಆದರೆ ಕಪ್ಪು ಜನ ಇರುವ ಬಡಾವಣೆಗಳಿಗೆ ಆ ಗ್ಯಾರಂಟಿ ಸಿಗುತ್ತಿರಲಿಲ್ಲ. ಆಗಿನ ಇನ್ನೊಂದು ಸರ್ಕಾರಿ ಸಂಸ್ಥೆ ಮಾಡಿಸಿದ ನಕ್ಷೆಗಳಲ್ಲಿ ಅಂಥ ಜಾಗಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಡೆಟ್ರಾಯ್ಟ್‌ನಲ್ಲಿ ಒಬ್ಬ ಬಿಲ್ಡರ್ ಕಪ್ಪು ಜನರ ಬಡಾವಣೆಯ ಪಕ್ಕದಲ್ಲೇ ಬಿಳಿಯರಿಗೆ ಮನೆ ಕಟ್ಟಲು ಹೊರಟ. ಪಕ್ಕದಲ್ಲಿ ಅವರಿದ್ದಾರೆ, ಗ್ಯಾರಂಟಿ ಇಲ್ಲ ಎಂದರು. ಆತ ನಡುವೆ ಗೋಡೆ ಎಬ್ಬಿಸಿದ. ಸಾಲ ಮಂಜೂರಾಯಿತು.

ಮಗಳ ಜೊತೆ ಒಮ್ಮೆ ಹೋಗಿ ನೋಡಿ ಬಂದೆ. ಗೋಡೆಯ ಒಂದು ಭಾಗ ಆಟದ ಮೈದಾನದ ಪಕ್ಕ ಬರುತ್ತದೆ. ಅಲ್ಲಿನ ಜನ ಅದರ ಮೇಲೆ ಬಣ್ಣಬಣ್ಣದ ಚಿತ್ರ ಬಿಡಿಸಿದ್ದಾರೆ. ಅವತ್ತು ನನಗೆ ನಮ್ಮೂರು ನೆನಪಾಯಿತು. ನಮ್ಮ ಕಡೆ ಕೇರಿ ಊರ ಹೊರಗಿತ್ತು. ನೀರಿನ ಪೈಪು, ರಸ್ತೆ, ಕರೆಂಟು ಎಲ್ಲವೂ ಅಲ್ಲಿಗೆ ಕೊನೆಗೆ ಬಂದವು. ಚಿಕ್ಕವಳಿದ್ದಾಗ ಅದು ಸಹಜ ಎಂದುಕೊಂಡಿದ್ದೆ.

ಮನೆ ಎಂದರೆ ಇಲ್ಲಿನ ಸಾಮಾನ್ಯ ಕುಟುಂಬದ ಉಳಿತಾಯ. ಮಕ್ಕಳ ಕಾಲೇಜು ಫೀಸು, ಕಾಯಿಲೆಯ ಖರ್ಚು, ಅಂಗಡಿ ಹಾಕುವ ಬಂಡವಾಳ ಎಲ್ಲ ಅದರಿಂದಲೇ ಬರುತ್ತದೆ. ಈ ತಾರತಮ್ಯವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರಲ್ಲಿ ಮೂವತ್ತು ವರ್ಷದ ಬೆಲೆ ಏರಿಕೆ ಒಂದು ಕಡೆಯವರ ಕೈ ಸೇರಿತ್ತು.

ಇನ್ನು ಶಾಲೆ. ಬಿಳಿಯ ಕುಟುಂಬಗಳು ಉಪನಗರಕ್ಕೆ ಹೋದಂತೆ ನಗರದ ಶಾಲೆಗಳಲ್ಲಿ ಉಳಿದದ್ದು ಹೆಚ್ಚಾಗಿ ಕಪ್ಪು ಮಕ್ಕಳು. 1970ರಲ್ಲಿ ಪೋಷಕರು ಕೋರ್ಟಿಗೆ ಹೋದರು. ಸುತ್ತಲಿನ ಉಪನಗರಗಳ 53 ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಶಾಲಾ ವಲಯಗಳ ಮಕ್ಕಳನ್ನೂ ನಗರದ ಮಕ್ಕಳನ್ನೂ ಒಟ್ಟಿಗೆ ಓದಿಸಿ ಎಂದು ಕೆಳಗಿನ ನ್ಯಾಯಾಧೀಶರು ಆದೇಶ ಕೊಟ್ಟರು. 1974ರಲ್ಲಿ ಸುಪ್ರೀಂ ಕೋರ್ಟ್ 5-4 ಮತದಿಂದ ಅದನ್ನು ರದ್ದು ಮಾಡಿತು. ಉಪನಗರದ ಶಾಲಾ ವಲಯಗಳು ತಪ್ಪು ಮಾಡಿದ್ದು ಸಾಬೀತಾಗಿಲ್ಲ, ಅವನ್ನು ಎಳೆಯುವಂತಿಲ್ಲ ಎಂದಿತು. ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಇಡುವಂತಿಲ್ಲ ಎಂದ 1954ರ ಬ್ರೌನ್ ಮೊಕದ್ದಮೆಯಲ್ಲಿ ಕಪ್ಪು ಮಕ್ಕಳ ಪರ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ಅದೇ ಪೀಠದಲ್ಲಿದ್ದರು. ಈ ತೀರ್ಪಿನಿಂದ ಮಹಾನಗರಗಳು ಬಿಳಿಯರದ್ದೊಂದು, ಕಪ್ಪು ಜನರದ್ದೊಂದು ಎಂದು ಎರಡು ಊರಾಗಿ ಒಡೆಯುತ್ತವೆ ಎಂದು ಅವರು ಭಿನ್ನಮತ ಬರೆದರು. ಇವತ್ತು ಎಯ್ಟ್ ಮೈಲ್ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋದರೆ ಅವರ ಮಾತು ಕಣ್ಣಿಗೇ ಕಾಣುತ್ತದೆ.

ಆಮೇಲೆ ಎಲ್ಲ ಸರಿಹೋಯಿತಾ? 1994ರಲ್ಲಿ ಮಿಷಿಗನ್ ಶಾಲೆಗಳ ದಿನನಿತ್ಯದ ಖರ್ಚನ್ನು ರಾಜ್ಯವೇ ಹೆಚ್ಚಾಗಿ ಹೊರುವಂತೆ ಮಾಡಿತು. ಅದು ಒಳ್ಳೆಯ ಹೆಜ್ಜೆ. ಆದರೆ ಕಟ್ಟಡದ ಹಣ ಈಗಲೂ ಊರಿನ ಆಸ್ತಿ ತೆರಿಗೆಯಿಂದಲೇ ಬರಬೇಕು. ಆಸ್ತಿಗೆ ಬೆಲೆ ಇಲ್ಲದ ಕಡೆ ಚಾವಣಿ ಸೋರುತ್ತದೆ. 2016ರಲ್ಲಿ ಡೆಟ್ರಾಯ್ಟ್‌ನ ವಿದ್ಯಾರ್ಥಿಗಳೇ ರಾಜ್ಯದ ಮೇಲೆ ಕೇಸು ಹಾಕಿದರು. ನಮಗೆ ಓದಲು ಬರೆಯಲು ಕಲಿಸುವುದು ನಿಮ್ಮ ಹೊಣೆ ಅಲ್ಲವೇ ಎಂದು ಕೇಳಿದರು. ಗಣಿತದ ಟೀಚರ್ ಇಲ್ಲದೆ ಎಂಟನೇ ತರಗತಿಯ ಹುಡುಗನೊಬ್ಬ ಒಂದು ತಿಂಗಳು ಏಳು ಮತ್ತು ಎಂಟನೇ ತರಗತಿಗೆ ಪಾಠ ಮಾಡಿದ್ದು ಆ ದೂರಿನಲ್ಲಿದೆ. 2020ರಲ್ಲಿ ರಾಜಿಯಾಯಿತು.

ನಾವು ಮನೆ ಕೊಳ್ಳುವಾಗ ಏಜೆಂಟ್ ಮೊದಲು ಹೇಳಿದ್ದು ಬೆಡ್‌ರೂಮಿನ ಲೆಕ್ಕ ಅಲ್ಲ, ಸ್ಕೂಲ್ ಡಿಸ್ಟ್ರಿಕ್ಟ್. ಒಳ್ಳೆಯ ಶಾಲೆ ಎಂದು ಜಾಸ್ತಿ ದುಡ್ಡು ಕೊಟ್ಟು ನಾವೂ ಗೆರೆಯ ಆಚೆಗೇ ಹೋದೆವು. ಆ ಲಾಭ ನನ್ನ ಮಗಳಿಗೂ ಸಿಕ್ಕಿದೆ. ಇದನ್ನು ಮುಚ್ಚಿಟ್ಟು ನಿಮಗೆ ಉತ್ತರ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಓದು ಮತ್ತು ಆರೋಗ್ಯ ಬೇರೆ ಬೇರೆ ಎಂದುಕೊಳ್ಳಬೇಡಿ. ಇಲ್ಲಿಂದ ಒಂದು ಗಂಟೆ ದಾರಿಯ ಫ್ಲಿಂಟ್ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣದವರು. ರಾಜ್ಯ ನೇಮಿಸಿದ ಅಧಿಕಾರಿಯ ಆಡಳಿತದಲ್ಲಿ, 2014ರ ಏಪ್ರಿಲ್‌ನಲ್ಲಿ, ದುಡ್ಡು ಉಳಿಸಲು ನದಿ ನೀರನ್ನು ನಲ್ಲಿಗೆ ಬಿಟ್ಟರು. ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಸೀಸ ನೀರಿಗೆ ಇಳಿಯಿತು. ಅಕ್ಟೋಬರ್‌ನಲ್ಲಿ ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ, ಈ ನೀರಿಗೆ ಬಿಡಿಭಾಗ ತುಕ್ಕು ಹಿಡಿಯುತ್ತಿದೆ ಎಂದು ಬೇರೆ ನೀರಿಗೆ ಹೋಯಿತು. ಮಕ್ಕಳು ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಡಾ. ಮೋನಾ ಹನ್ನಾ-ಅತಿಶಾ ಎಂಬ ಮಕ್ಕಳ ವೈದ್ಯೆ ರಕ್ತ ಪರೀಕ್ಷೆಯ ಅಂಕಿಗಳನ್ನು ಎಲ್ಲರ ಮುಂದೆ ಇಟ್ಟ ಮೇಲೆ, 2015ರ ಅಕ್ಟೋಬರ್‌ನಲ್ಲಿ ಮೊದಲು ಬರುತ್ತಿದ್ದ ನೀರು ವಾಪಸ್ ಬಂತು. ಸೀಸ ಮಗುವಿನ ಮಿದುಳಿಗೆ ಹೊಡೆಯುತ್ತದೆ. ಗಮನ, ಕಲಿಕೆ ಎರಡೂ ಕುಂದುತ್ತವೆ. ಅಂಥ ಮಗು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ನಾವು ದೂರದಲ್ಲಿ ಕುಳಿತು, ಅವರ ಮನೆಯಲ್ಲಿ ಓದಿಗೆ ಬೆಲೆ ಇಲ್ಲ ಎನ್ನುತ್ತೇವೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಡತನ ಒಂದು ಕಾರಣ, ನಿಜ. ಆದರೆ ಬಡತನ ಕಳೆದರೂ ಈ ಅಂತರ ಹೋಗುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರ ಸಾವು 14.5, ಕಪ್ಪು ತಾಯಂದಿರದ್ದು 50.3. ಹೈಸ್ಕೂಲು ಮುಗಿಸದ ಬಿಳಿಯ ಹೆಂಗಸಿಗಿಂತ ಕಾಲೇಜು ಪದವಿ ಪಡೆದ ಕಪ್ಪು ಹೆಂಗಸಿಗೇ ಈ ಸಾವಿನ ಅಪಾಯ ಹೆಚ್ಚು ಎಂದು ಇಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿ 2019ರಲ್ಲಿ ಹೇಳಿತು. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಗೊತ್ತಲ್ಲ? 2017ರಲ್ಲಿ ಮಗು ಹುಟ್ಟಿದ ಮರುದಿನ ಅವರಿಗೆ ಉಸಿರು ಕಟ್ಟಿತು. ಹಿಂದೆಯೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹಾಗಾಗಿ ಯಾವ ಸ್ಕ್ಯಾನ್ ಬೇಕು ಎಂದು ಅವರೇ ಹೇಳಿದರು. ನೋವಿನ ಮಾತ್ರೆಯ ಮಂಪರು ಎಂದುಕೊಂಡರು ನರ್ಸ್. ಸೆರೆನಾ ಹಟ ಹಿಡಿದರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೆಪ್ಪುಗಳು ಕಂಡವು. ಅಷ್ಟು ದುಡ್ಡು, ಅಷ್ಟು ಹೆಸರು ಇದ್ದವರ ಮಾತೇ ಮೊದಲ ಸಲ ಕಿವಿಗೆ ಬೀಳಲಿಲ್ಲ.

ದೇಹದಲ್ಲೇ ಬೇರೆ ಇದೆಯಾ ಎಂಬುದಕ್ಕೆ ಶಿಕಾಗೋದ ಇಬ್ಬರು ಶಿಶುವೈದ್ಯರು, ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್, 1997ರಲ್ಲಿ ಉತ್ತರ ಹುಡುಕಿದರು. ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ತಾಯಂದಿರ ಶಿಶುಗಳ ತೂಕ ನೋಡಿದರು. ಅದು ಇಲ್ಲಿನ ಕಪ್ಪು ತಾಯಂದಿರ ಶಿಶುಗಳಿಗಿಂತ ಬಿಳಿಯರ ಶಿಶುಗಳಿಗೆ ಹತ್ತಿರ ಇತ್ತು. ರಕ್ತದಲ್ಲಿ ಏನೋ ಇದ್ದಿದ್ದರೆ ಅವರಲ್ಲೂ ಕಾಣಬೇಕಿತ್ತು, ಅಲ್ವಾ? 2002ರಲ್ಲಿ ಅವರ ತಂಡ ಮುಂದಿನ ತಲೆಮಾರು ನೋಡಿತು. ವಲಸೆ ಬಂದ ಕಪ್ಪು ತಾಯಂದಿರ ಹೆಣ್ಣುಮಕ್ಕಳು, ಅಮೆರಿಕದಲ್ಲೇ ಹುಟ್ಟಿ ಬೆಳೆದವರು, ಹೆತ್ತ ಶಿಶುಗಳ ತೂಕ ಕಡಿಮೆಯಾಗಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮವರ ವಿಷಯಕ್ಕೆ ಬರುತ್ತೇನೆ. 1946ರ ಕಾನೂನಿನ ಪ್ರಕಾರ ಭಾರತದಿಂದ ವರ್ಷಕ್ಕೆ 100 ಜನ ಮಾತ್ರ ವಲಸೆ ಬರಬಹುದಿತ್ತು. ಬಾಗಿಲು ತೆರೆದದ್ದು 1965ರಲ್ಲಿ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ ದೇಶದ ಮನಸ್ಸು ಬದಲಿಸಿದ ಕಾಲ ಅದು. ಆಮೇಲೂ ಆ ಬಾಗಿಲಲ್ಲಿ ಬಂದವರು ಹೆಚ್ಚಾಗಿ ಡಾಕ್ಟರು, ಎಂಜಿನಿಯರು, ನರ್ಸುಗಳು. ನಮ್ಮ ಸರ್ಕಾರದ ದುಡ್ಡಿನಲ್ಲಿ ಓದಿದವರು. ಇಲ್ಲಿನ ಭಾರತೀಯರಲ್ಲಿ ಮುಕ್ಕಾಲು ಪಾಲು ಪದವೀಧರರು. ಭಾರತದಲ್ಲಿ ಹಾಗಿದೆಯಾ? ನಮ್ಮೂರ ಕೇರಿಯಿಂದ ಇಲ್ಲಿಗೆ ಬಂದ ಒಬ್ಬರನ್ನೂ ನಾನು ಕಂಡಿಲ್ಲ. ಸೋಸಿ ತಂದ ಕಾಳನ್ನು ತೋರಿಸಿ ಇನ್ನೊಬ್ಬರ ಹೊಲವನ್ನು ಹಳಿಯಬಾರದು.

ಕೋವಿಡ್ ಕಾಲದ ಒಂದು ರಾತ್ರಿ ಹೇಳಬೇಕು. ಮಿಷಿಗನ್‌ನಲ್ಲಿ ಕಪ್ಪು ಜನ ನೂರಕ್ಕೆ 14. 2020ರ ಏಪ್ರಿಲ್‌ನಲ್ಲಿ ಸತ್ತವರಲ್ಲಿ ಅವರು ನೂರಕ್ಕೆ ಸುಮಾರು 40. ಆಗ ನಾನಿದ್ದ ಆಸ್ಪತ್ರೆಯಲ್ಲಿ ಐವತ್ತು ದಾಟಿದ ಒಬ್ಬ ಕಪ್ಪು ರೋಗಿ ಉಸಿರು ಸಾಲುತ್ತಿಲ್ಲ ಎಂದು ಮೂರು ಸಲ ಹೇಳಿದರು. ಬೆರಳಿನ ಆಕ್ಸಿಮೀಟರ್ 94 ತೋರಿಸುತ್ತಿತ್ತು. ನಾನು ಮೀಟರ್ ನಂಬಿ ಬೇರೆ ರೋಗಿಯ ಹತ್ತಿರ ಹೋದೆ. ಧಮನಿಯ ರಕ್ತ ತೆಗೆದು ನೋಡಿದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು. ಅವರು ಬದುಕಿದರು. ಅದೇ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರ ಅಧ್ಯಯನ ಬಂತು. ಮೀಟರ್ ಸರಿ ಇದೆ ಎಂದು ತೋರಿಸಿ ನಿಜವಾಗಿ ಆಮ್ಲಜನಕ ಕುಸಿದಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6 ಸಲ, ಕಪ್ಪು ರೋಗಿಗಳಲ್ಲಿ 11.7 ಸಲ. ಆ ಯಂತ್ರ ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಅದನ್ನು ಹೊಂದಿಸಿದ್ದು ಹೆಚ್ಚಾಗಿ ತಿಳಿ ಬಣ್ಣದ ಚರ್ಮದವರ ಮೇಲೆ. ಬೆಂಗಳೂರಿನ ಮನೆಮನೆಯಲ್ಲೂ ಆ ಮೀಟರ್ ಇತ್ತು. ನಮ್ಮ ಮೈಬಣ್ಣಕ್ಕೂ ಸಂಬಂಧಪಟ್ಟ ಮಾತಿದು.

ಈಗ ಅಂಕಿ ಚೆನ್ನಾಗಿದ್ದೂ ರೋಗಿ ಉಸಿರು ಸಾಲದು ಎಂದರೆ ನಾನು ತಕ್ಷಣ ಡಾಕ್ಟರನ್ನು ಕರೆದು ಧಮನಿಯ ರಕ್ತ ಪರೀಕ್ಷೆ ಕೇಳುತ್ತೇನೆ. ಹೊಸ ನರ್ಸುಗಳಿಗೆ ಮೊದಲ ವಾರವೇ ಇದನ್ನು ಹೇಳಿಕೊಡುತ್ತೇನೆ. ಕಳೆದ ತಿಂಗಳು ಸೇರಿದ ಕೇರಳದ ಹುಡುಗಿಯೊಬ್ಬಳು ನಿಮ್ಮ ಪ್ರಶ್ನೆಯನ್ನೇ ನನಗೆ ಕೇಳಿದಳು. ಬರುವ ಭಾನುವಾರ ಅವಳನ್ನು ಆ ಗೋಡೆ ನೋಡಲು ಕರೆದುಕೊಂಡು ಹೋಗುತ್ತಿದ್ದೇನೆ.