ಫಿಜಿಯಲ್ಲಿ ನಮ್ಮೋರಿಗೆ ವೋಟು ಸಿಕ್ಕಿದ್ದು ಯಾವಾಗ?

ಪ್ರಶ್ನೆ: ಕಬ್ಬಿನ ಕೆಲಸಕ್ಕೆ ಅಂತ ಬ್ರಿಟಿಷರು ಫಿಜಿಗೆ ಕರ್ಕೊಂಡು ಹೋದ ಭಾರತೀಯರಿಗೆ ಅಲ್ಲಿ ಮತದಾನದ ಹಕ್ಕು ಇತ್ತಾ ಸಾರ್? ಹೆಂಗಸ್ರಿಗೂ ಇತ್ತಾ?
– ಓದುಗರು, ಸಾಗರ

ಉತ್ತರ: ಮೊದಲ ಹಡಗು ಲಿಯೋನಿಡಾಸ್ ಹೋಗಿದ್ದು 1879ರಲ್ಲಿ, ಲೆಜಿಸ್ಲೇಟಿವ್ ಕೌನ್ಸಿಲ್‌ಗೆ (ಅಲ್ಲಿನ ಶಾಸನ ಸಭೆಗೆ) ನಮ್ಮೋರು ಮೊದಲ ಸಲ ವೋಟ್ ಹಾಕಿದ್ದು 1929ರಲ್ಲಿ, ಅಂದ್ರೆ ಸರಿಯಾಗಿ 50 ವರ್ಷ ಕಾಯ್ಬೇಕಾಯ್ತು. ಅದೂ ಎಲ್ರಿಗೂ ಅಲ್ಲ. 21 ತುಂಬಿದ ಗಂಡಸಾಗಿರ್ಬೇಕು, ಎರಡು ವರ್ಷ ಬಿಡದೆ ಅಲ್ಲೇ ಇದ್ದಿರ್ಬೇಕು, ಇಂಗ್ಲಿಷೋ ಹಿಂದಿ, ಉರ್ದು, ಗುರುಮುಖಿ, ತಮಿಳು, ತೆಲುಗು, ಮಲಯಾಳಂನಲ್ಲಿ ಒಂದೋ ಓದೋಕೆ ಬರೆಯೋಕೆ ಬರ್ಬೇಕು (ಕನ್ನಡ ಆ ಪಟ್ಟಿಯಲ್ಲಿ ಇರ್ಲಿಲ್ಲ), ಅದರ ಮೇಲೆ ಸ್ವಲ್ಪ ಆಸ್ತಿನೋ ಗುತ್ತಿಗೆ ಜಮೀನೋ ಲೈಸೆನ್ಸೋ ಇರ್ಬೇಕು, ಅದಿಲ್ಲ ಅಂದ್ರೆ ವರ್ಷಕ್ಕೆ 75 ಪೌಂಡ್ ಆದಾಯ ತೋರಿಸ್ಬೇಕು. ಗಿರ್ಮಿಟ್ (ಕರಾರಿನ ಕೂಲಿ) ಕಾಲದಲ್ಲಿ ಗಂಡಾಳಿನ ದಿನಗೂಲಿ 1 ಶಿಲ್ಲಿಂಗ್, ವಾರಕ್ಕೆ ಆರು ದಿನದ ಹಾಗೆ ವರ್ಷಪೂರ್ತಿ ದುಡಿದ್ರೂ 16 ಪೌಂಡ್ ದಾಟ್ತಿರ್ಲಿಲ್ಲ, ಆ ಗದ್ದೆಯಿಂದ ಎದ್ದು ಬಂದ ಜನಕ್ಕೆ ಈ ಷರತ್ತು ಹಾಕಿದ್ರು ಅಂದ್ರೆ ಎಷ್ಟು ಜನ ಹೊರಗೆ ಉಳಿದಿರ್ಬೇಕು ನೀವೇ ಲೆಕ್ಕ ಹಾಕಿ.

ನನಗೆ ಇದಕ್ಕಿಂತ ದೊಡ್ಡ ಅನ್ಯಾಯ ಅನ್ಸೋದು ಬೇರೆ ಬೇರೆ ಮತದಾರರ ಪಟ್ಟಿ. ಬಿಳಿಯರು ಬಿಳಿಯರಿಗೆ, ಭಾರತೀಯರು ಭಾರತೀಯರಿಗೆ ಮಾತ್ರ ವೋಟ್ ಹಾಕ್ಬೇಕು. ಕೆಲವೇ ಸಾವಿರ ಇದ್ದ ಯುರೋಪಿಯನ್ನರಿಗೆ ಚುನಾಯಿತ ಸೀಟು 6, ಎಪ್ಪತ್ತು ಸಾವಿರದ ಹತ್ತಿರ ಇದ್ದ ನಮ್ಮೋರಿಗೆ 3. ವಿಷ್ಣು ದೇವ್, ಪರಮಾನಂದ ಸಿಂಗ್, ಜೇಮ್ಸ್ ರಾಮಚಂದರ್ ರಾವ್ ಗೆದ್ದು ಒಳಗೆ ಹೋದ್ರು, ಎಲ್ಲಾ ಜನಾಂಗಕ್ಕೂ ಒಂದೇ ಪಟ್ಟಿ ಇರ್ಲಿ ಅಂತ ನವೆಂಬರ್‌ನಲ್ಲಿ ವಿಷ್ಣು ದೇವ್ ಠರಾವು ತಂದ್ರು, ಪರವಾಗಿ ಬಿದ್ದಿದ್ದು ಈ ಮೂರೇ ವೋಟು. ಮೂವರೂ ಸೀಟು ಬಿಟ್ಟು ಆಚೆ ನಡೆದ್ರು. 50 ವರ್ಷ ಕಾದು ಸಿಕ್ಕಿದ ಸೀಟನ್ನ ಒಂದು ತತ್ವಕ್ಕೋಸ್ಕರ ಬಿಡೋದು ಸುಲಭದ ಮಾತಲ್ಲ, ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳ್ತೀನಿ.

ಇನ್ನು ಮೂಲನಿವಾಸಿ ಫಿಜಿಯನ್ನರಿಗಂತೂ ಆಗ ವೋಟೇ ಇಲ್ಲ, ಅವರ ಪರವಾಗಿ ಮುಖ್ಯಸ್ಥರ ನಾಮನಿರ್ದೇಶನ ಅಷ್ಟೇ. ಅವರಿಗೂ, ನೀವು ಕೇಳಿದ ಹೆಂಗಸ್ರಿಗೂ ವೋಟು ಬಂದಿದ್ದು ಒಂದೇ ಸಲ, 1963ರ ಚುನಾವಣೆಗೆ.